ಫೋನ್ ಹಚ್ಚುವವರ ಕನ್ನಡ

ಯಾದಗಿರಿ, ಶಹಾಪುರ, ಸುರಪುರ ಕಡೆಯ ಕನ್ನಡದ ಬಗ್ಗೆ ಗೋಷ್ಠಿಯೊಂದರಲ್ಲಿ ವಿದ್ವಾಂಸರೊಬ್ಬರು ಹೀಗೆಂದರು: ‘ಅಲ್ಲಿ ಒಂದೊಂದು ಪದಕ್ಕೂ ಹತ್ತು ಅರ್ಥ. ಎಲ್ಲದಕ್ಕೂ ತಂತಿ, ಎಲ್ಲದಕ್ಕೂ ಲೈನ್. ಇಷ್ಟು ಸಡಿಲ ಮಾತಿನಲ್ಲಿ ತಂತ್ರಜ್ಞಾನ ಬರೆಯುವುದು ಹೇಗೆ?’ ಸಭೆ ತಲೆದೂಗಿತು. ನನಗೆ ಇದು ಪೊಳ್ಳು ಮಾತು ಅನ್ನಿಸಿತು. ಎಲ್ಲಿ ನಿಖರತೆ ಬೇಕೋ ಅಲ್ಲಿ ಆ ವಸ್ತುವಿನ ಜೊತೆ ದಿನವೂ ಹೆಣಗುವವರೇ ಅದನ್ನು ತಂದುಕೊಳ್ಳುತ್ತಾರೆ. ಬೇಡದ ಕಡೆ ಒಂದೇ ಪದದಲ್ಲಿ ನಾಲ್ಕು ಕೆಲಸ ಸಾಗಿಸುತ್ತಾರೆ. ಜಾಣರ ಲಕ್ಷಣವೇ ಅದು.

ಈ ಸೀಮೆಯ ರೈತನ ಮನೆಗೆ ಹೋಗಿ ನೋಡಿ. ದನ ಕಟ್ಟುವುದಕ್ಕೆ ಕಣ್ಣಿ, ತೊಗಲಿನದಾದರೆ ಮಿಣಿ, ಹೊಸೆದದ್ದು ಹುರಿ, ತೊಗರಿ ಚೀಲದ ಬಾಯಿ ಹೊಲಿಯಲು ಸುತಳಿ, ಪಾಯಿಜಾಮಕ್ಕೆ ಲಾಡಿ. ಇಷ್ಟು ಬಗೆ ಮಾಡಬಲ್ಲವನು ‘ದಾರ’ವೊಂದನ್ನು ಮಾತ್ರ ಎಲ್ಲೆಡೆ ಬಳಸುತ್ತಾನೆ: ಮಗುವಿನ ಸೊಂಟಕ್ಕೆ ಉಡದಾರ, ಎತ್ತಿಗೆ ಮೂಗುದಾರ, ಇಷ್ಟಲಿಂಗಕ್ಕೆ ಶಿವದಾರ. ಎತ್ತಿನದನ್ನು ಲಿಂಗಕ್ಕೆ ಕಟ್ಟಿದವರನ್ನು ಯಾರೂ ಕಂಡಿಲ್ಲ.

ತಂತಿಯ ಕಥೆಯೂ ಹೀಗೇ. ಅದು ತಂಬೂರಿಯಲ್ಲಿತ್ತು, ಬೇಲಿಗೆ ಬಂತು, ಕಂಬ ಏರಿತು, ಕೊನೆಗೆ ಅದರ ಮೇಲೆ ಹಾಯ್ದುಬಂದ ಸುದ್ದಿಗೇ ಹೆಸರಾಯಿತು. ‘ತಂತಿ ಬಂದದ’ ಅಂದರೆ ಸಾಕಿತ್ತು, ಒಡೆದು ಓದುವ ಮೊದಲೇ ಮನೆಯಲ್ಲಿ ಅಳು ಶುರುವಾಗುತ್ತಿತ್ತು. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದ ಈ ಭಾಗಕ್ಕೆ ಉರ್ದು ಹೊಸದಲ್ಲ. ಉರ್ದುವಿನ ‘ತಾರ್’ ಕೂಡ ಎಳೆಯೂ ಹೌದು, ಸುದ್ದಿಯೂ ಹೌದು. 2013ರ ಜುಲೈಯಲ್ಲಿ ಸರ್ಕಾರ ಟೆಲಿಗ್ರಾಂ ನಿಲ್ಲಿಸಿದಾಗ ತಂತಿಯ ಆ ಅರ್ಥ ತಾನೇ ಕಳಚಿಬಿತ್ತು. ಅದಕ್ಕೆ ಯಾವ ಪರಿಭಾಷಾ ಸಮಿತಿಯೂ ಕೂಡಬೇಕಾಗಲಿಲ್ಲ.

ಇನ್ನು ಫೋನು. ಬೆಂಗಳೂರಿನವರು ಫೋನ್ ಮಾಡುತ್ತಾರೆ, ನಮ್ಮವರು ಹಚ್ಚುತ್ತಾರೆ. ದೀಪ ಹಚ್ಚುವುದು, ಮುಲಾಮು ಹಚ್ಚುವುದು, ಆಳನ್ನು ಕೆಲಸಕ್ಕೆ ಹಚ್ಚುವುದು, ಫೋನ್ ಹಚ್ಚುವುದು, ಎಲ್ಲವೂ ಒಂದೇ ಕ್ರಿಯಾಪದದಲ್ಲಿ. ಹಚ್ಚಿದ್ದು ತಾಗಿದರೆ ‘ಹತ್ತಿತು’: ಬೆಂಕಿ ಹತ್ತಿತು, ನಿದ್ದಿ ಹತ್ತಿತು, ಫೋನ್ ಹತ್ತಿತು. ‘ಹಚ್ಚಲತ್ತೀನ್ರಿ, ಹತ್ತವಲ್ದು’ ಎಂಬ ವಾಕ್ಯವನ್ನು ಸ್ವಲ್ಪ ಬಿಡಿಸಿ ನೋಡಿ. ಹತ್ತುವಂತೆ ಮಾಡುವುದೇ ಹಚ್ಚುವುದು. ‘ಲತ್ತೀನಿ’ಯೊಳಗೆ ಮುದುರಿ ಕುಳಿತಿರುವುದೂ ‘ಹತ್ತು’. ಹೀಗೆ ಒಂದೇ ಧಾತು ಒಂದು ಉಸಿರಿನಲ್ಲಿ ಮೂರು ಸಲ ಬಂದು, ಪ್ರಯತ್ನ, ಅದರ ಮುಂದುವರಿಕೆ, ಸೋಲು ಮೂರನ್ನೂ ಹೇಳಿ ಮುಗಿಸುತ್ತದೆ. ‘ಸಂಪರ್ಕ ಸಾಧಿಸಲು ಪ್ರಯತ್ನಿಸುತ್ತಿದ್ದೇನೆ, ಸಾಧ್ಯವಾಗುತ್ತಿಲ್ಲ’ ಎಂಬ ಪುಸ್ತಕದ ಕನ್ನಡ ಇದಕ್ಕಿಂತ ಯಾವ ಲೆಕ್ಕದಲ್ಲಿ ಬಿಗಿ?

ಶಹಾಪುರದ ಮೊಬೈಲ್ ಅಂಗಡಿಯಲ್ಲಿ ಹಿರಿಯರೊಬ್ಬರು ‘ಚಾರ್ಜರ್ ಕೊಡಪ್ಪ’ ಅಂದರು. ಹುಡುಗ ಕೇಳಿದ: ‘ಬರೇ ವೈರ್ ಏನ್ ಕಾಕಾ, ಪೂರಾ ಸೆಟ್ಟೇನು? ಸಣ್ ಪಿನ್ನೋ, ಸಿ ಪಿನ್ನೋ?’ ಎರಡು ಪ್ರಶ್ನೆಗೆ ವ್ಯವಹಾರ ಮುಗಿಯಿತು. ‘ಚಾರ್ಜರ್’ ಸಡಿಲ ಪದ, ಒಪ್ಪುತ್ತೇನೆ. ಅದನ್ನು ಬಿಗಿ ಮಾಡುವ ‘ಸಿ ಪಿನ್ನು’ ಗಲ್ಲೆಯ ಆಚೆಗೂ ಈಚೆಗೂ ತಯಾರಾಗಿಯೇ ಇತ್ತು. ಇಂಗ್ಲಿಷಿನವರದೂ ಬೇರೆ ಪಾಡಲ್ಲ: ಅಮೆರಿಕದವರು ಕಾರ್ಡ್ ಅನ್ನುವ ವೈರನ್ನು ಬ್ರಿಟನ್ನಿನವರು ಫ್ಲೆಕ್ಸ್ ಅನ್ನುತ್ತಾರೆ. ನಮ್ಮಲ್ಲಿ ಫ್ಲೆಕ್ಸ್ ಅಂದರೆ ಮುಖಂಡರ ಹುಟ್ಟುಹಬ್ಬದ ಬ್ಯಾನರು.

ಪದಕ್ಕೊಂದೇ ಅರ್ಥ ಇರಲೆಂದು ಹೊಸದಾಗಿ ಕಟ್ಟಿದವರ ಗತಿ ನೋಡಿ. ಮೊಬೈಲಿಗೆ ‘ಜಂಗಮವಾಣಿ’ ಎಂದರು. ಈ ಭಾಗದಲ್ಲಿ ಜಂಗಮರೆಂದರೆ ಮನೆಗೆ ಬರುವ ಅಯ್ಯನವರು. ಜಂಗಮವಾಣಿ ಅಂದರೆ ಅವರ ಆಶೀರ್ವಚನ ಅಂದುಕೊಂಡರೆ ತಪ್ಪೇನು? ಹೀಗೆ ಕಟ್ಟದೆ ಹೊರಗಿನ ಪದ ತಂದು ಬೆರಕೆಯಾದರೆ ಭಾಷೆ ಕೆಡುತ್ತದೆ ಎನ್ನುವವರು ಮೊದಲು ತಮ್ಮ ಖುರ್ಚಿಯಿಂದ ಏಳಲಿ, ಆ ಪದವೂ ಹೊರಗಿನಿಂದ ಬಂದದ್ದೇ.

ಆದರೆ ಒಂದು ಆಕ್ಷೇಪಕ್ಕೆ ನಾನು ತಲೆಬಾಗಬೇಕು. ಮುಂಗಾರಿನ ಗಾಳಿಗೆ ಹತ್ತಿ ಹೊಲದಲ್ಲಿ ಏನೋ ಹರಿದು ಬಿದ್ದಿದೆ. ‘ತಂತಿ ಬಿದ್ದದ’ ಎಂದು ಯಾರೋ ಕೂಗುತ್ತಾರೆ. ಬೇಲಿಯದೋ, ಟಿವಿ ಕೇಬಲ್ಲೋ, ಕರೆಂಟಿನದೋ? ಇಲ್ಲಿ ಸಂದೇಹ ಜೀವ ತೆಗೆಯಬಲ್ಲದು. ವಾಹಕ, ಕೇಬಲ್ಲು, ತಂತಿ ಇವುಗಳಿಗೆ ಪಠ್ಯಪುಸ್ತಕದಲ್ಲಿ, ಟೆಂಡರಿನಲ್ಲಿ ಬೇರೆ ಬೇರೆ ಹೆಸರು ಇರಲೇಬೇಕು, ನನ್ನ ತಕರಾರಿಲ್ಲ. ಅಷ್ಟಾದರೂ ಆ ಹೊತ್ತಿನಲ್ಲಿ ಜನ ಎರಡನೆಯ ಸಲ ಕೂಗುವುದು ‘ಕರೆಂಟಿನ ತಂತಿ!’ ಎಂದೇ. ಲೈನ್‌ಮನ್‌ಗೆ ಹೇಳುವಾಗಲೂ ‘ಕೆಇಬಿ ತಂತಿ’ ಅನ್ನುತ್ತಾರೆ. ಕೆಇಬಿ ಹೋಗಿ ಜೆಸ್ಕಾಂ ಬಂದು ಎಷ್ಟೋ ವರ್ಷವಾಯಿತು, ಆದರೂ ಯಾರಿಗೂ ಗೊಂದಲವಿಲ್ಲ. ನಿಖರತೆಯ ಹೆಸರಲ್ಲಿ ‘ತುಂಡಾದ ವಿದ್ಯುತ್ ವಾಹಕವನ್ನು ಸ್ಪರ್ಶಿಸಬಾರದು’ ಎಂದು ಫಲಕ ಬರೆಸುವವರಿಗೆ ನನ್ನದೊಂದು ವಿನಂತಿ: ಹೊಲದ ಬದುವಿನಲ್ಲಿ ನಿಂತು ಓದುವವಳಿಗಾಗಿ ‘ಹರದ್ ಬಿದ್ದ ಕರೆಂಟ್ ತಂತಿ ಮುಟ್ಟಬ್ಯಾಡ್ರಿ’ ಎಂದೇ ಬರೆಸಿ, ಅಕ್ಷರ ದಪ್ಪಗಿರಲಿ.