ಅವಸರದ ಖರೀದಿ ಮತ್ತು ‘ನಜಶ್’

ಈದ್ ಸಮೀಪಿಸಿದಾಗ ವಿಮಾನಪುರದ ಕುಟುಂಬಗಳು ಶಿವಾಜಿನಗರದ ದಾರಿ ಹಿಡಿಯುವುದು ಹಳೆಯ ರೂಢಿ. ಅಲ್ಲಿ ಬಟ್ಟೆಯನ್ನು ಮುಟ್ಟಿ ನೋಡಬಹುದು, ಬೆಲೆ ಒಪ್ಪದಿದ್ದರೆ ಮುಂದಿನ ಅಂಗಡಿಗೆ ಹೋಗಬಹುದು. ಈಗ ತರಾವೀಹ್ ಮುಗಿದ ಮೇಲೆ ಖರೀದಿ ಮೊಬೈಲಿನಲ್ಲಿ ನಡೆಯುತ್ತದೆ. ‘ಎರಡೇ ಉಳಿದಿವೆ’, ‘ಹತ್ತು ನಿಮಿಷದಲ್ಲಿ ರಿಯಾಯಿತಿ ಮುಗಿಯಲಿದೆ’ ಎಂಬ ಸಾಲುಗಳು ಅಗತ್ಯವಿಲ್ಲದವರನ್ನೂ ದೂಡುತ್ತವೆ.

ತಂತ್ರ ಹೊಸದೇನಲ್ಲ. ಕೊಳ್ಳುವ ಉದ್ದೇಶವಿಲ್ಲದೆ ಬೆಲೆ ಏರಿಸಿ ಕೂಗಿ ಇತರರನ್ನು ಮರುಳುಗೊಳಿಸುವುದಕ್ಕೆ ‘ನಜಶ್’ ಎನ್ನುತ್ತಾರೆ. ಪ್ರವಾದಿ(ಸ) ಅದನ್ನು ನಿಷೇಧಿಸಿದ ವರದಿ ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಹಾಗೆ ಮೋಸಹೋದವನು ವ್ಯಾಪಾರವನ್ನು ರದ್ದುಪಡಿಸಬಹುದೆಂದು ಹಲವು ಕರ್ಮಶಾಸ್ತ್ರ ವಿದ್ವಾಂಸರು ಹೇಳಿದ್ದಾರೆ. ಇಲ್ಲದ ಬೇಡಿಕೆಯನ್ನು ಇದೆಯೆಂದು ತೋರಿಸುವುದೇ ಅದರ ತಿರುಳು. ಕೂಗುವವನ ಜಾಗದಲ್ಲಿ ಇಂದು ಪರದೆಯಿದೆ, ಅಷ್ಟೆ.

‘ಡಾರ್ಕ್ ಪ್ಯಾಟರ್ನ್’ ಎನ್ನಲಾಗುವ ಇಂತಹ 13 ಕುಟಿಲ ವಿಧಾನಗಳನ್ನು ಹೆಸರಿಸಿ, ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರ್ 30ರಂದು ನಿಷೇಧಿಸಿದೆ. ಸುಳ್ಳು ಅವಸರ ಸೃಷ್ಟಿಸುವುದು, ಕೇಳದ ವಸ್ತುವನ್ನು ಬುಟ್ಟಿಗೆ ಸೇರಿಸುವುದು ಅವುಗಳಲ್ಲಿವೆ. ದೂರಿಗೆ 1915 ಸಹಾಯವಾಣಿಯಿದೆ. ನಮ್ಮವರು ಅದನ್ನು ಬಳಸುವುದು ಕಡಿಮೆ.

ಆದರೆ ಯಾವ ಮಾರ್ಗಸೂಚಿಯೂ ತಲುಪದ ಇನ್ನೊಂದು ಪ್ರೇರಣೆಯಿದೆ. ಬಂಧುಗಳ ಹಬ್ಬದ ಉಡುಪು ವಾಟ್ಸಾಪ್ ಸ್ಟೇಟಸ್‌ನಲ್ಲಿ ಕಂಡೊಡನೆ ನಮ್ಮ ಪಟ್ಟಿಯೂ ಬೆಳೆಯುತ್ತದೆ. ಇದಕ್ಕೆ ವ್ಯಾಪಾರಿಯನ್ನು ದೂರಿ ಫಲವಿಲ್ಲ. ರಾತ್ರಿ ಬರೆದ ಪಟ್ಟಿಯನ್ನು ಸಹ್ರಿಯ ವೇಳೆಗೆ ಮತ್ತೊಮ್ಮೆ ಓದಿ ನೋಡಿ. ಎಷ್ಟು ಸಾಲು ಉಳಿಯುತ್ತದೆಂದು ತಿಳಿಯುತ್ತದೆ.