ಕ್ಯಾಪ್ಟನ್‌ಗಳ ನೆನಪು ಕಳೆದುಹೋಗಬಾರದು

ಬೋಯಿಂಗ್ 707 ಹಾರಿಸಿದ ನಿವೃತ್ತ ಪೈಲಟ್ ಒಬ್ಬರು ಮಾತಿಗೆ ಕೂತರೆಂದರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಏರ್ ಇಂಡಿಯಾಕ್ಕೆ ಈ ಜೆಟ್ ಬಂದದ್ದು 1960ರಲ್ಲಿ. ಅದೇ ವರ್ಷದ ಮೇ ತಿಂಗಳಲ್ಲಿ ಲಂಡನ್ ಮೂಲಕ ನ್ಯೂಯಾರ್ಕ್‌ವರೆಗೆ ಹಾರಾಟ ಶುರುವಾಯಿತು. ನಂದಾದೇವಿ, ಅನ್ನಪೂರ್ಣಾ, ಕಾಂಚನಜುಂಗಾ ಎಂದು ಹಿಮಾಲಯದ ಶಿಖರಗಳ ಹೆಸರನ್ನೇ ಆ ವಿಮಾನಗಳಿಗೆ ಇಟ್ಟಿದ್ದರು. ಕಾಕ್‌ಪಿಟ್‌ನಲ್ಲಿ ಇಬ್ಬರು ಪೈಲಟ್‌ಗಳ ಹಿಂದೆ ಫ್ಲೈಟ್ ಎಂಜಿನಿಯರ್ ತಮ್ಮ ಮೀಟರುಗಳ ಮುಂದೆ ಕೂತಿರುತ್ತಿದ್ದರು. ನಾಲ್ಕೂ ಎಂಜಿನ್‌ಗಳ ಶಾಖ, ಇಂಧನ, ಒತ್ತಡ ಎಲ್ಲದರ ಮೇಲೂ ಅವರದೇ ಕಣ್ಣು. ಸಮುದ್ರದ ಮೇಲಿನ ದೂರದ ಹಾರಾಟಗಳಲ್ಲಿ ನ್ಯಾವಿಗೇಟರ್ ಎದ್ದು ನಿಂತು, ಚಾವಣಿಯ ರಂಧ್ರಕ್ಕೆ ಸೆಕ್ಸ್‌ಟಂಟ್ ಸಿಕ್ಕಿಸಿ, ನಕ್ಷತ್ರದ ಎತ್ತರ ಅಳೆದು, ನಕ್ಷೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತಿದ್ದರು. ಲೆಕ್ಕ ತಪ್ಪಿದರೆ ಏನಾಗುತ್ತದೆಂದು ಆ ತಲೆಮಾರಿಗೆ ಚೆನ್ನಾಗಿ ಗೊತ್ತಿತ್ತು. 1966ರ ಜನವರಿ 24ರಂದು ಇದೇ ಕಾಂಚನಜುಂಗಾ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿ ಅಣುವಿಜ್ಞಾನಿ ಹೋಮಿ ಭಾಭಾ ಸೇರಿ 117 ಮಂದಿ ಅಸುನೀಗಿದರು; ಶಿಖರ ದಾಟಿಯಾಯಿತು ಎಂಬ ತಪ್ಪು ಅಂದಾಜೇ ದುರಂತಕ್ಕೆ ದಾರಿಯಾಯಿತು. ಇಂದು ಉಪಗ್ರಹ, ಕಂಪ್ಯೂಟರುಗಳು ದಾರಿ ತೋರಿಸುತ್ತವೆ, ಹಾರಾಟ ಆಗಿನದಕ್ಕಿಂತ ಎಷ್ಟೋ ಸುರಕ್ಷಿತ. ಆದರೆ ಯಂತ್ರ ಕೈಕೊಟ್ಟ ಗಳಿಗೆಯಲ್ಲಿ ಬೇಕಾಗುವ ವಿವೇಕ ಈ ಹಿರಿಯರ ಅನುಭವದಲ್ಲಿದೆ. ಅವರಲ್ಲಿ ಅನೇಕರು ಈಗ ಎಂಬತ್ತು ದಾಟಿದವರು. ವಾಯುಯಾನ ಕಲಿಸುವ ಸಂಸ್ಥೆಗಳು ಅವರನ್ನು ಕೂರಿಸಿ, ಮಾತಾಡಿಸಿ, ಒಂದೊಂದು ಹಾರಾಟದ ಕಥೆಯನ್ನೂ ಈಗಲೇ ದಾಖಲಿಸಿಕೊಳ್ಳಬೇಕು.