ಧಾರಣೆ ಎಂಬ ಮಾತು

‘ಧಾರಣೆ’ ಎಂಬ ಮಾತಿಗೆ ನಮ್ಮಲ್ಲಿ ಎರಡು ಅರ್ಥಗಳುಂಟು. ಪತಂಜಲಿಯ ಯೋಗಸೂತ್ರಗಳನ್ನು ಬಲ್ಲವರಿಗೆ ಅದು ಅಷ್ಟಾಂಗಗಳಲ್ಲಿ ಆರನೆಯದು. ಚಂಚಲವಾದ ಚಿತ್ತವನ್ನು ಒಂದೇ ಎಡೆಯಲ್ಲಿ ಕಟ್ಟಿ ನಿಲ್ಲಿಸುವ ಸಾಧನೆ. ಪುತ್ತೂರು, ಸುಳ್ಯ, ಕಡಬಗಳ ಕೃಷಿಕನಿಗೆ ಅದು ಇಂದಿನ ಪೇಟೆಯಲ್ಲಿ ಚಾಲಿ ಅಡಿಕೆಗೆ ಸಿಗುವ ಬೆಲೆ. ನಿಘಂಟಿನಲ್ಲಿ ದೂರ ದೂರ ನಿಂತ ಈ ಎರಡು ಅರ್ಥಗಳೂ ಈ ಮೂರು ತಾಲೂಕುಗಳ ಬದುಕಿನಲ್ಲಿ ಒಂದರೊಳಗೊಂದು ಬೆರೆತುಹೋಗಿವೆಯೆಂದು ನನಗೆ ಬಹುಕಾಲದಿಂದ ಅನಿಸುತ್ತಿದೆ. ಚಿತ್ತವು ಒಂದೆಡೆ ನಿಂತಿರುವುದೇನೋ ನಿಜ; ನಿಂತಿರುವುದು ಬೆಲೆಯ ಪಟ್ಟಿಯ ಮೇಲೆ. ಬಸ್ಸು ನಿಲ್ದಾಣದಲ್ಲಾಗಲಿ, ಮದುವೆಯೂಟದ ಪಂಕ್ತಿಯಲ್ಲಾಗಲಿ, ಯಕ್ಷಗಾನದ ಚೌಕಿಯ ಹೊರಗಾಗಲಿ ಇಬ್ಬರು ಸಂಧಿಸಿದರೆ ಕ್ಷೇಮಸಮಾಚಾರದ ಬೆನ್ನಿಗೇ ಬರುವ ಪ್ರಶ್ನೆ ಅದೊಂದೇ. ಹಿಂದೆ ಅದನ್ನು ತಿಳಿಯಲು ಮರುದಿನದ ಪತ್ರಿಕೆಗೆ ಕಾಯಬೇಕಾಗಿತ್ತು. ಆ ಕಾಯುವಿಕೆಯ ನಡುವೆ ಒಂದು ರಾತ್ರಿಯ ನಿದ್ದೆಯಾದರೂ ಇತ್ತು. ಈಗ ಜೇಬಿನಲ್ಲಿರುವ ಫೋನು ಗಳಿಗೆಗೊಮ್ಮೆ ಅದನ್ನು ಹೇಳುತ್ತದೆ.

ಎಲ್ಲವನ್ನೂ ಹಣದಿಂದ ಅಳೆಯುವ ಪದ್ಧತಿ ಈ ಸೀಮೆಗೆ ತಾನಾಗಿ ನಡೆದು ಬಂದುದಲ್ಲ. ೧೮೩೪ರಲ್ಲಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡ ಮೇಲೆ ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರು ಮಾಗಣೆಗಳನ್ನು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಅರಸರ ಕಾಲದಲ್ಲಿ ಧಾನ್ಯರೂಪವಾಗಿ ಸಲ್ಲುತ್ತಿದ್ದ ಕಂದಾಯವನ್ನು ಇನ್ನು ಮುಂದೆ ನಗದಾಗಿ ತೆರಬೇಕೆಂದು ಆಯಿತು. ಬೆಳೆದ ಅಕ್ಕಿ ಕಣಜದಲ್ಲಿದ್ದರೂ ಕೈಯಲ್ಲಿ ನಾಣ್ಯವಿಲ್ಲದವನು ಸರಕಾರಕ್ಕೆ ಬಾಕಿದಾರನಾದ. ನಾಣ್ಯಕ್ಕಾಗಿ ಸಾಹುಕಾರನ ಜಗಲಿಯನ್ನು ಹತ್ತಿದ. ೧೮೩೭ರಲ್ಲಿ ಕೆದಂಬಾಡಿ ರಾಮಯ್ಯ ಗೌಡರೇ ಮೊದಲಾದವರ ಮುಂದಾಳುತನದಲ್ಲಿ ಎದ್ದು, ಮಂಗಳೂರಿನವರೆಗೆ ನಡೆದು, ಕೆಲವು ದಿನಗಳ ಮಟ್ಟಿಗಾದರೂ ಆ ಊರನ್ನು ಕೈಗೆ ತೆಗೆದುಕೊಂಡ ರೈತರ ದಂಡಿನ ಹಿಂದೆ ಬೇರೆ ಕಾರಣಗಳೂ ಇದ್ದುವು. ಆದರೆ ನಗದು ಕಂದಾಯದ ಸಂಕಟ ಅವುಗಳಲ್ಲಿ ಚಿಕ್ಕದಾಗಿರಲಿಲ್ಲ. ಇಂದು ಅದೇ ಸೀಮೆಯವರಿಗೆ ನಗದಲ್ಲದ ಲೆಕ್ಕವೊಂದು ಇದ್ದಿತೆಂಬುದೇ ನೆನಪಿಲ್ಲ.

ಹಳೆಯದನ್ನೆಲ್ಲ ಹೊಗಳುವವರ ಸಾಲಿನಲ್ಲಿ ನಾನಿಲ್ಲ. ಮುಡಿ ಅಕ್ಕಿಯ ಗೇಣಿಯ ಕಾಲದಲ್ಲಿ ಒಕ್ಕಲಿನ ಬೆನ್ನು ಎಷ್ಟು ಬಾಗಿತ್ತೆಂಬುದನ್ನು ಬಲ್ಲ ಹಿರಿಯರು ಇನ್ನೂ ಇದ್ದಾರೆ. ಪುತ್ತೂರನ್ನೇ ತಮ್ಮ ಊರಾಗಿ ಮಾಡಿಕೊಂಡ ಶಿವರಾಮ ಕಾರಂತರು ೧೯೩೩ರಲ್ಲಿ ಪ್ರಕಟಿಸಿದ ‘ಚೋಮನ ದುಡಿ’ಯಲ್ಲಿ ತುಂಡು ನೆಲವನ್ನು ಉಳಬೇಕೆಂಬ ಒಂದೇ ಆಸೆಯಿದ್ದ ಚೋಮನಿಗೆ ಅದನ್ನು ನಿರಾಕರಿಸಿದುದು ಪೇಟೆಯ ಬೆಲೆಯಲ್ಲ, ಜಾತಿಯ ಕಟ್ಟು. ಹಣ ಆ ಕಟ್ಟನ್ನು ಕೊಂಚವಾದರೂ ಸಡಿಲಿಸಿತು. ಕೂಲಿಯಾಳು ತಲೆಯೆತ್ತಿ ತನ್ನ ಸಂಬಳವನ್ನು ಹೇಳುವಂತಾಯಿತು. ೧೯೭೪ರ ಭೂಸುಧಾರಣೆಯ ತಿದ್ದುಪಡಿ ಒಕ್ಕಲನ್ನು ಒಡೆಯನನ್ನಾಗಿ ಮಾಡಿತು. ಇವು ಸಣ್ಣ ಲಾಭಗಳಲ್ಲ. ಆದರೆ ಒಡೆಯನಾದವನು ಬೈಲಿನ ಗದ್ದೆಗೆ ಮಣ್ಣು ತುಂಬಿ ಅಡಿಕೆಯ ಸಸಿ ನೆಟ್ಟಾಗ, ಊಟದ ಅಕ್ಕಿ ಅಂಗಡಿಯಿಂದ ಬಂತು; ನಾಟಿಯ ಹಾಡು ನಿಂತಿತು; ಮುಯ್ಯಾಳಿನ ಕೆಲಸ ಹೋಗಿ ದಿನಗೂಲಿಯ ಲೆಕ್ಕ ಉಳಿಯಿತು. ಗದ್ದೆಗೆ ಇಳಿಯಲು ನೆರೆಯವನು ಬೇಕಾಗಿದ್ದ. ತೋಟಕ್ಕೆ ಬೇಲಿ ಸಾಕು.

ಕಷ್ಟದ ವರ್ಷಗಳಲ್ಲಿ ಮನಸ್ಸು ಕುಗ್ಗುವುದು ಯಾರಿಗೂ ಅರ್ಥವಾಗುತ್ತದೆ. ಧಾರಣೆ ಏರಿದ ವರ್ಷಗಳಲ್ಲಿಯೂ ಕುಗ್ಗುವುದೇಕೆ? ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ದರ್ಕೈಮ್ ೧೮೯೭ರಷ್ಟು ಹಿಂದೆಯೇ ಆತ್ಮಹತ್ಯೆಯನ್ನು ಕುರಿತ ತನ್ನ ಗ್ರಂಥದಲ್ಲಿ ಇದಕ್ಕೆ ಉತ್ತರ ಹುಡುಕಿದ್ದ. ಹಠಾತ್ತಾಗಿ ಬಂದ ದಾರಿದ್ರ್ಯದಂತೆ ಹಠಾತ್ತಾಗಿ ಬಂದ ಐಶ್ವರ್ಯವೂ ಮನುಷ್ಯನ ಬಯಕೆಗಳಿಗೆ ಸಮಾಜ ಹಾಕಿಕೊಟ್ಟ ಮೇರೆಯನ್ನು ಅಳಿಸಿಹಾಕುತ್ತದೆ. ಇಷ್ಟಾದರೆ ಸಾಕು ಎಂದು ಹೇಳುವವರು ಇಲ್ಲವಾಗುತ್ತಾರೆ ಎಂಬುದು ಅವನ ವಿಚಾರ. ೨೦೨೧ರಲ್ಲಿ ಹಳೆಯ ಚಾಲಿಯ ಧಾರಣೆ ಕಿಲೋಗೆ ೫೦೦ ರೂಪಾಯಿಯನ್ನು ದಾಟಿದಾಗ ಈ ಮಾತು ನನಗೆ ನೆನಪಾಯಿತು. ಮಾರಿದವನಿಗೆ ನಾಳೆ ಇನ್ನೂ ಏರಿದರೇನು ಎಂಬ ಉರಿ. ಇಟ್ಟುಕೊಂಡವನಿಗೆ ನಾಳೆ ಇಳಿದರೇನು ಎಂಬ ಭಯ. ಏರಿದ ಬೆಲೆಯನ್ನು ನಂಬಿ ಗುಡ್ಡ ಕಡಿದು ತೋಟ ಮಾಡಿದವನಿಗೆ, ಫಲ ಬರುವ ಹೊತ್ತಿಗೆ ಪೇಟೆ ಹೇಗಿರುವುದೋ ಎಂಬ ಚಿಂತೆ. ನೆರೆಮನೆಯ ಅಂಗಳಕ್ಕೆ ಹೊಸ ಕಾರು ಬಂದುದನ್ನು ಕಂಡು ತನ್ನ ಅಂಗಳ ಕಿರಿದಾದವನ ಕಥೆ ಬೇರೆಯೇ.

ಬೆಲೆ ಅಡಿಕೆಯ ಮೇಲಷ್ಟೇ ನಿಂತಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ. ಅದು ಮನುಷ್ಯರ ಮೇಲೆ ಹತ್ತಿ ಕೂತಿದೆ. ಒಳ್ಳೆಯ ತೋಟ, ಒಳ್ಳೆಯ ಆದಾಯ, ಓದು ಬರಹ ಎಲ್ಲ ಇರುವ ತರುಣನಿಗೆ ಹೆಣ್ಣು ಸಿಗುವುದಿಲ್ಲ. ಅವನ ಆದಾಯದ ಅರ್ಧವೂ ಇಲ್ಲದೆ ಬೆಂಗಳೂರಿನ ಬಾಡಿಗೆ ಕೋಣೆಯಲ್ಲಿರುವವನಿಗೆ ಸಿಗುತ್ತದೆ. ಹೆಣ್ಣುಮಕ್ಕಳನ್ನು ಇದಕ್ಕೆ ದೂರುವುದು ಸುಲಭ, ಅನ್ಯಾಯವೂ ಹೌದು. ತೋಟದ ಮನೆಯ ಅಡುಗೆಮನೆ, ಹಟ್ಟಿ, ಅಂಗಳಗಳ ನಡುವೆ ತಾಯಿ ಸವೆದುದನ್ನು ಕಂಡವಳು ಬೇರೊಂದು ಬದುಕನ್ನು ಬಯಸಿದರೆ ತಪ್ಪೇನು? ಆದರೆ ನಲುವತ್ತನ್ನು ದಾಟಿದ ಆ ತರುಣ ತನ್ನ ಬೆಲೆ ಇಳಿದುಹೋಯಿತೆಂದೇ ತಿಳಿಯುತ್ತಾನೆ. ಶಾಲೆಯಲ್ಲಿ ಅಂಕವೂ ಒಂದು ಧಾರಣೆಯೇ. ಅದನ್ನು ನನಗಿಂತ ಚೆನ್ನಾಗಿ ಉಪಾಧ್ಯಾಯರು ಬಲ್ಲರು.

ಇನ್ನು ಹಿಂದೆ ಉಳಿದ ಮುದುಕರು. ಈಗ ಕಡಬ ತಾಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಸುತ್ತಿನ ಕಾಡಿನಲ್ಲಿ ತೋಟ ಕಟ್ಟಿ, ಮನೆ ಬಿಟ್ಟುಹೋದ ಮಗನ ದಾರಿ ನೋಡುತ್ತ ಕುಳಿತ ಗೋಪಾಲಯ್ಯ ದಂಪತಿಗಳನ್ನು ಕಾರಂತರು ೧೯೪೩ರ ‘ಬೆಟ್ಟದ ಜೀವ’ದಲ್ಲಿ ನಮಗೆ ಪರಿಚಯಿಸಿದರು. ಅಂದು ಅದು ಒಂದು ಮನೆಯ ದುಃಖವಾಗಿ ಕಂಡಿತು. ಇಂದು ಆ ದಾರಿಯಲ್ಲಿ ಅಂಥ ಮನೆಗಳು ಎಷ್ಟೋ. ವ್ಯತ್ಯಾಸವಿಷ್ಟೆ: ಇಂದಿನ ಮಗ ಸುಳಿವಿಲ್ಲದೆ ಹೋದವನಲ್ಲ, ವಾರಕ್ಕೊಮ್ಮೆ ಫೋನಿನ ಪರದೆಯಲ್ಲಿ ಮುಖ ತೋರಿಸುತ್ತಾನೆ, ತಪ್ಪದೆ ಹಣ ಕಳುಹಿಸುತ್ತಾನೆ. ಊರಿನವರು ಅವನನ್ನು ಗೆದ್ದವನೆನ್ನುತ್ತಾರೆ. ಗೆದ್ದ ಮಗನ ತಂದೆತಾಯಿಗಳು ತಮ್ಮ ಒಂಟಿತನವನ್ನು ಯಾರೊಡನೆ ಹೇಳಿಯಾರು?

ಸಂಪಾಜೆ, ಅರಂತೋಡುಗಳ ಕಡೆ ಹಳದಿ ಎಲೆ ರೋಗ ಹತ್ತಿದ ತೋಟಗಳನ್ನು ನೋಡಿದವರಿಗೆ ಇನ್ನೊಂದು ಬಗೆಯ ಮೌನ ಗೊತ್ತು. ಕೊಳೆರೋಗಕ್ಕೆ ಬೋರ್ಡೋ ಮದ್ದಾದರೂ ಇದೆ. ಇದಕ್ಕೆ ಅಂಥ ಮದ್ದಿಲ್ಲ. ಸೋಗೆ ಹಳದಿಯಾಗುತ್ತದೆ, ಫಸಲು ವರ್ಷದಿಂದ ವರ್ಷಕ್ಕೆ ಇಳಿಯುತ್ತದೆ, ಸಾಲದ ಕಂತು ಮಾತ್ರ ಇಳಿಯುವುದಿಲ್ಲ. ರೋಗ ಮರದ್ದಾದರೂ ನಾಚಿಕೆ ಒಡೆಯನದು. ಸಮಾರಂಭಗಳಿಗೆ ಹೋಗುವುದನ್ನು ಅವನು ಮೊದಲು ಬಿಡುತ್ತಾನೆ.

ಈ ಭಾಗದವರಿಗೆ ಇದನ್ನೆಲ್ಲ ಹೇಳಲು ಇರುವುದು ಒಂದೇ ಶಬ್ದ: ‘ತಲೆಬಿಸಿ’. ಮಳೆ ಬಾರದಿದ್ದರೂ ತಲೆಬಿಸಿ, ಬದುಕೇ ಬೇಡವೆನಿಸಿದರೂ ತಲೆಬಿಸಿ. ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ ಇರುವ ಅಂತರವನ್ನು ಆ ಶಬ್ದ ಮುಚ್ಚಿಬಿಡುತ್ತದೆ. ನಿದ್ದೆಯಿಲ್ಲ, ಹೊಟ್ಟೆ ಉರಿ, ಎದೆ ಹಿಡಿದಂತಾಗುತ್ತದೆ ಎಂದು ವೈದ್ಯರ ಬಳಿಗೆ ಹೋದವನು ಗ್ಯಾಸ್ಟ್ರಿಕ್ಕಿನ ಮಾತ್ರೆಯೊಡನೆ ಹಿಂದಿರುಗುತ್ತಾನೆ. ಬೆಂಗಳೂರಿನ ನಿಮ್ಹಾನ್ಸ್ ೨೦೧೫–೧೬ರಲ್ಲಿ ಹನ್ನೆರಡು ರಾಜ್ಯಗಳಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ನೂರಕ್ಕೆ ಹತ್ತಕ್ಕೂ ಮಿಕ್ಕವರು ಒಂದಲ್ಲ ಒಂದು ಮಾನಸಿಕ ಅಸ್ವಾಸ್ಥ್ಯವುಳ್ಳವರು. ಅವರಲ್ಲಿ ಬಹುಪಾಲು ಜನ ಚಿಕಿತ್ಸೆಯ ಹೊಸ್ತಿಲನ್ನು ತುಳಿದವರಲ್ಲ.

ಇದಕ್ಕೆ ಉಪಾಯವೇನು? ಆಸೆಯನ್ನು ಬಿಡಿರಿ ಎಂದು ಉಪದೇಶಿಸುವುದು ಸಾಲ ತೀರಿಸಬೇಕಾದವನಿಗೆ ಮಾಡುವ ಅವಮಾನ. ಈ ಸೀಮೆಯ ಅನುಭವದಲ್ಲಿಯೇ ಒಂದು ದಾರಿಯುಂಟು. ಎಪ್ಪತ್ತರ ದಶಕದ ಆರಂಭದಲ್ಲಿ ಅಡಿಕೆಯ ಧಾರಣೆ ನೆಲ ಕಚ್ಚಿದಾಗ ಬೆಳೆಗಾರರು ಅದನ್ನು ಹಣೆಬರಹವೆಂದು ತಿಳಿದು ಕೂರಲಿಲ್ಲ. ವಾರಣಾಸಿ ಸುಬ್ರಾಯ ಭಟ್ಟರ ನೇತೃತ್ವದಲ್ಲಿ ಕರ್ನಾಟಕ, ಕೇರಳಗಳ ಬೆಳೆಗಾರರು ಸೇರಿ ೧೯೭೩ರಲ್ಲಿ ಕ್ಯಾಂಪ್ಕೋ ಸಂಸ್ಥೆಯನ್ನು ಕಟ್ಟಿದರು. ಒಬ್ಬೊಬ್ಬನಾಗಿ ಹೊರಲಾರದ ಭಾರವನ್ನು ಕೂಡಿ ಹೊತ್ತರು. ಬೆಲೆಗೆ ಮಾಡಿದ ಈ ಏರ್ಪಾಡನ್ನು ಮನಸ್ಸಿಗೆ ಏಕೆ ಮಾಡಬಾರದು? ಬಳ್ಳಾರಿ ಜಿಲ್ಲೆಯಲ್ಲಿ ಎಂಬತ್ತರ ದಶಕದಲ್ಲಿಯೇ ನಿಮ್ಹಾನ್ಸಿನವರು ಊರಿನ ಸಾಮಾನ್ಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದು ತೋರಿಸಿದರು. ಇಡೀ ದೇಶದ ಜಿಲ್ಲಾ ಯೋಜನೆಗೆ ಅದೇ ಮಾದರಿಯಾಯಿತು. ನಮ್ಮ ಹಳ್ಳಿಗಳಲ್ಲಿ ಸಹಕಾರಿ ಸಂಘಗಳಿವೆ. ಯಾರ ಕಂತು ತಪ್ಪಿತು, ಯಾರು ಮೂರು ತಿಂಗಳಿಂದ ಗೊಬ್ಬರಕ್ಕೆ ಬಂದಿಲ್ಲ ಎಂಬುದು ವೈದ್ಯರಿಗಿಂತ ಮುಂಚೆ ತಿಳಿಯುವುದು ಆ ಕಚೇರಿಗೆ. ಅಲ್ಲಿಯ ಗುಮಾಸ್ತರಿಗೆ ಎರಡು ದಿನದ ತರಬೇತಿ ಕೊಟ್ಟರೆ ನೋಟೀಸು ಹೊರಡುವುದಕ್ಕೆ ಮೊದಲು ಒಬ್ಬರು ಮನೆಗೆ ಹೋಗಿ ಮಾತನಾಡಿಸಿ ಬರಬಹುದು. ಆತ್ಮಹತ್ಯೆಗೆ ಯತ್ನಿಸಿದವನನ್ನು ಶಿಕ್ಷಿಸದೆ, ತೀವ್ರ ಒತ್ತಡಕ್ಕೆ ಸಿಕ್ಕವನೆಂದು ತಿಳಿದು ಆರೈಕೆ ಮಾಡಬೇಕೆಂದು ೨೦೧೭ರ ಕಾಯಿದೆ ಹೇಳಿದೆ. ಇದನ್ನು ಬಲ್ಲವರು ಊರಲ್ಲಿ ಎಷ್ಟು ಮಂದಿ? ೨೦೨೨ರಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆಗೆ ಹಗಲು ರಾತ್ರಿ ಯಾವ ಹೊತ್ತಿನಲ್ಲಿಯೂ ಖರ್ಚಿಲ್ಲದೆ ಕನ್ನಡದಲ್ಲಿಯೇ ಮಾತನಾಡಬಹುದು, ಸಂಖ್ಯೆ ೧೪೪೧೬. ಸಂಘದ ಗೋಡೆಯ ಮೇಲೆ ಧಾರಣೆಯ ಫಲಕ ಇರುವಲ್ಲಿ ಈ ಐದು ಅಂಕಿಗಳನ್ನೂ ಬರೆಸಬಹುದು. ಸಾಲದ ನೋಟೀಸಿನ ಕೆಳಗೆ ಅಚ್ಚು ಹಾಕಿಸಿದರೆ ಇನ್ನೂ ಒಳಿತು. ಮುಂದಿನ ಮಹಾಸಭೆಯಲ್ಲಿ ಯಾರಾದರೊಬ್ಬ ಸದಸ್ಯರು ಎದ್ದುನಿಂತು ಇದನ್ನು ಸೂಚಿಸಲಿ, ಇನ್ನೊಬ್ಬರು ಅನುಮೋದಿಸಲಿ.